ಕಪ್ಪು ದಾರದ ಬೊಟ್ಟು

ಜಯನಗರದ ಮೂರನೇ ಬ್ಲಾಕಿನಲ್ಲಿ ಆಗಿನ್ನೂ ಮನೆಗಳಿಗಿಂತ ಪಾಯಗಳೇ ಹೆಚ್ಚು. ಸೈಟಿನ ಮೂಲೆಗೆ ನೆಟ್ಟ ಕಲ್ಲು, ಕಲ್ಲಿನ ಪಕ್ಕ ಮರಳ ಗುಡ್ಡೆ, ಮರಳ ಮೇಲೆ ಮಲಗಿದ ನಾಯಿ, ಇಷ್ಟೇ ಬೀದಿ. ಗೋಡೆ ಏಳುತ್ತಿದ್ದ ಕಡೆಯಲ್ಲೆಲ್ಲ ಒಂದೊಂದು ದೃಷ್ಟಿಗೊಂಬೆ ಇರುತ್ತಿತ್ತು. ಹುಲ್ಲು ತುರುಕಿದ ಹಳೆಯ ಷರಟು, ಮಡಕೆಯ ತಲೆ, ಸುಣ್ಣದಲ್ಲಿ ಬರೆದ ಹಲ್ಲು, ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಸಂಜೆ ಗಾಳಿ ಬೀಸಿದರೆ ಅವೆಲ್ಲ ಒಟ್ಟಿಗೆ ತೋಳಾಡಿಸುತ್ತಿದ್ದವು.

“ನಮ್ಮ ಬೀದೀಲಿ ಜನಕ್ಕಿಂತ ಇವರೇ ಜಾಸ್ತಿ ಕಣೆ,” ಅನ್ನುತ್ತಿದ್ದ ಅಮ್ಮಣ್ಣಿಯ ಗಂಡ ಸೇತುರಾಮ. “ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಇವರನ್ನೇ ಕರಿ.”

ಸೇತುರಾಮ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅಮ್ಮಣ್ಣಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಮೂರು ಮಿಷಿನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ತಗುಲಿಸಿದ ಕಂದು ಕಾಗದದ ನಮೂನೆಗಳು. ಬಸವನಗುಡಿಯಿಂದ, ಹನುಮಂತನಗರದಿಂದ, ಯಡಿಯೂರಿನಿಂದ ಹುಡುಗಿಯರು ಬರುತ್ತಿದ್ದರು. ವರ್ಷಕ್ಕೊಮ್ಮೆ ಸರ್ಕಾರದ ಹೊಲಿಗೆ ಪರೀಕ್ಷೆ. ಬೆಳಿಗ್ಗೆ ಬಟ್ಟೆ ಕೊಟ್ಟರೆ ಸಂಜೆಯೊಳಗೆ ಉಡುಪು ಮಾಡಿ ಒಪ್ಪಿಸಬೇಕು. ಪಾಸಾದವರಿಗೆ ಶಾಲೆಗಳಲ್ಲಿ ಹೊಲಿಗೆ ಟೀಚರ್ ಕೆಲಸ ಸಿಗುವುದಿತ್ತು.

ಅಮ್ಮಣ್ಣಿಗೆ ಹೊಲಿಗೆ ಕಲಿಸಿದ್ದು ಮಾಲೂರಿನಲ್ಲಿ ಅವಳನ್ನು ಸಾಕಿದ ಸೋದರತ್ತೆ. ಆ ಅತ್ತೆ ಬಟ್ಟೆಯನ್ನು ಮೊದಲು ಒಳಮಗ್ಗುಲು ಮಾಡಿ ನೋಡುತ್ತಿದ್ದರು. “ಒಳಗೂ ಹೊರಗಿನ ಥರವೇ ಕಾಣ್ಬೇಕು. ಕಾಣ್ತಿಲ್ಲ. ಬಿಚ್ಚು.” ಎಂಟು ವರ್ಷದ ಹುಡುಗಿ ಬಾಗಿಲ ಬೆಳಕಿಗೆ ಕೂತು ಬಿಚ್ಚುತ್ತಿದ್ದಳು. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ಮಡಿಲು ತುಂಬುತ್ತಿತ್ತು. ದೊಡ್ಡವಳಾಗಿ ತಾನೇ ಟೀಚರ್ ಆದಾಗ ಅವಳ ಬಾಯಿಂದಲೂ ಅದೇ ಮಾತು ಬಂತು. ಹುಡುಗಿಯರು ಬೆನ್ನ ಹಿಂದೆ ಅವಳನ್ನು ‘ಬಿಚ್ಚು ಟೀಚರ್’ ಎಂದು ಕರೆಯುತ್ತಿದ್ದರು. ಅದು ಅವಳ ಕಿವಿಗೆ ಬಿದ್ದಿತ್ತು. ಹೆಮ್ಮೆಯೇ ಆಗಿತ್ತು.

ಐವತ್ತೇಳನೇ ಇಸವಿಯಲ್ಲಿ ಪರೀಕ್ಷೆಗೆ ಹೋದ ಅವಳ ಹುಡುಗಿಯರಲ್ಲಿ ಒಬ್ಬಳೂ ಪಾಸಾಗಲಿಲ್ಲ. ಹೊಲಿಗೆ ಬಾರದೆ ಅಲ್ಲ. ಸಂಜೆ ಗಂಟೆ ಹೊಡೆದಾಗ ಎಲ್ಲರೂ ಬಿಚ್ಚುತ್ತ ಕೂತಿದ್ದರಂತೆ. ಒಬ್ಬಳ ರವಿಕೆಗೆ ಒಂದೇ ತೋಳು. ಇನ್ನೊಂದು ತೋಳು ಕೈಯಲ್ಲಿ. ಮತ್ತೊಬ್ಬಳು ಕಾಲರನ್ನು ಕೂಡಿಸಿ ಬಿಚ್ಚಿ, ಕೂಡಿಸಿ ಬಿಚ್ಚಿ, ಬಟ್ಟೆಯೇ ಜಾಳುಜಾಳಾಗಿ ಅಳುತ್ತ ಎದ್ದು ಬಂದಿದ್ದಳು. “ನೀವು ನೋಡಿದ್ರೆ ಬಿಚ್ಚು ಅಂತಿದ್ರಿ ಟೀಚರ್,” ಎಂದಳು. ದೂರಿನ ದನಿಯಲ್ಲಿ ಹೇಳಲಿಲ್ಲ. ಸುಮ್ಮನೆ ಹೇಳಿದಳು. ಅಮ್ಮಣ್ಣಿಗೆ ಅದೇ ತಡೆಯಲಾಗಲಿಲ್ಲ.

ಕೆಲವು ದಿನ ಅವಳು ಕ್ಲಾಸನ್ನೇ ಮಾಡಲಿಲ್ಲ. ಕಿಟಕಿಯ ಬಳಿ ಕೂತು ಎದುರಿನ ಸೈಟಿನಲ್ಲಿ ಏಳುತ್ತಿದ್ದ ಮನೆಯನ್ನು ನೋಡುತ್ತಿದ್ದಳು. ಮನೆ ದಿನದಿನಕ್ಕೆ ಚೆಂದವಾಗುತ್ತಿತ್ತು. ಅದರ ನೆತ್ತಿಯ ಮೇಲೆ ಆ ವಿಕಾರದ ಗೊಂಬೆ. ಅದನ್ನು ಅಲ್ಲಿ ಇಟ್ಟವರಿಗೆ ಮನೆಯ ಮೇಲೆ ಪ್ರೀತಿ ಇಲ್ಲವೇ? ಇದೆ. ಎಳೆಮಗುವಿನ ಕೆನ್ನೆಗೆ ಕಾಡಿಗೆ ಬಳಿಯುವ ತಾಯಿಗೆ ಮಗು ಚೆಂದ ಕಾಣಲಿ ಎಂಬ ಆಸೆ ಇಲ್ಲವೇ? ತನಗೆ ತಿಳಿದ ಹೆಂಗಸರೆಲ್ಲ ಚೆಂದದ ವಸ್ತುವಿಗೆ ತಾವೇ ಕೈಯಾರೆ ಒಂದು ಕುಂದು ಇಟ್ಟು, ಆಮೇಲೆ ನೆಮ್ಮದಿಯಾಗಿ ಇರುತ್ತಾರೆ. ಬಟ್ಟೆಗೆ ಯಾಕೆ ಹಾಗೆ ಮಾಡಬಾರದು?

ಮಾರನೆಯ ವಾರ ಕ್ಲಾಸು ಶುರುವಾದಾಗ ಪ್ರತಿ ಹುಡುಗಿಯ ಮುಂದೂ ಕಪ್ಪು ದಾರ ಪೋಣಿಸಿದ ಸೂಜಿ ಇತ್ತು.

“ಬಟ್ಟೆ ಕತ್ತರಿಸಿದ ಕೂಡಲೇ ಮೊದಲು ಒಳಅಂಚಿಗೆ ಒಂದು ಸೊಟ್ಟ ಹೊಲಿಗೆ ಹಾಕಿ,” ಎಂದಳು ಅಮ್ಮಣ್ಣಿ. “ಕಪ್ಪು ದಾರದಲ್ಲಿ. ಅದು ಬಟ್ಟೆಯ ದೃಷ್ಟಿಬೊಟ್ಟು. ಬೊಟ್ಟು ಇಟ್ಟ ಮೇಲೆ ಇದು ಕುಂದಿಲ್ಲದ ಬಟ್ಟೆ ಆಗೋ ಹಾಗೇ ಇಲ್ಲ. ಆ ಆಸೆ ಅಲ್ಲಿಗೆ ಮುಗೀತು. ಇನ್ನು ಹೊಲಿದು ಮುಗಿಸಿ.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವರಲ್ಲಿ ಒಬ್ಬಳು, “ಟೀಚರಿಗೆ ಏನೋ ಆಗಿದೆ ಕಣೇ,” ಎಂದು ಪಿಸುಗುಟ್ಟಿದ್ದೂ ಕೇಳಿಸಿತು. ಆದರೆ ಸೊಟ್ಟ ಹೊಲಿಗೆ ಬಿದ್ದ ಮೇಲೆ ಕೈಗಳು ಹಗುರಾದವು. ಅಮ್ಮಣ್ಣಿ ‘ಬಿಚ್ಚು’ ಎಂಬ ಮಾತನ್ನು ನಾಲಿಗೆಯ ತುದಿಯಲ್ಲೇ ಕಚ್ಚಿ ಹಿಡಿಯಲು ಕಲಿತಳು. ಮುಂದಿನ ವರ್ಷ ಮುಕ್ಕಾಲುಪಾಲು ಹುಡುಗಿಯರು ಪಾಸಾದರು.

ಸುದ್ದಿ ಹೊಲಿಗೆಯನ್ನೂ ದಾಟಿ ಹೋಯಿತು. ಹಿಂದಿನ ಬೀದಿಯ ಕಾತ್ಯಾಯಿನಿ ಎಂಬಾಕೆ ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತಳು. ಆಕೆಗೆ ರಂಗೋಲಿಯ ಕಾಟ. ಒಂದು ಎಳೆ ದಪ್ಪವಾದರೆ ಪೂರ್ತಿ ಒರೆಸಿ ಮತ್ತೆ ಹಾಕಬೇಕು. ಒಳಗೆ ಅತ್ತೆ ಕಾಫಿಗೆ ಕೂಗುತ್ತಿರುತ್ತಾರೆ, ಗಂಡ ಊಟದ ಡಬ್ಬಿಗೆ ಕಾಯುತ್ತಿರುತ್ತಾರೆ, ಈಕೆ ಹೊಸಿಲ ಮುಂದೆ ಕುಕ್ಕರುಗಾಲಲ್ಲಿ. “ನಗಬೇಡಿ ಅಮ್ಮಣ್ಣಿಯವ್ರೇ, ಎದ್ದು ಬರೋಕೇ ಆಗಲ್ಲ ನನಗೆ,” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಮ್ಮಣ್ಣಿ ನಗಲಿಲ್ಲ. ಆಕೆಯ ಜೊತೆ ಹೋಗಿ, ರಂಗೋಲಿಯ ಚುಕ್ಕಿ ಇಟ್ಟು, ಎಳೆ ಎಳೆಯುವ ಮೊದಲೇ ಒಂದು ಚುಕ್ಕಿಯನ್ನು ಹೆಬ್ಬೆರಳಿನಿಂದ ಅಳಿಸಿಸಿದಳು. ಕೆಲವು ವಾರ ಹಿಡಿಯಿತು. ಒಂದು ದಿನ ಕಾತ್ಯಾಯಿನಿಯ ಗಂಡ ಬದರಿನಾಥ ಬೀದಿಯಲ್ಲಿ ಸಿಕ್ಕಿ, “ಈಗ ಡಬ್ಬಿ ಟೈಮಿಗೆ ಸಿಗ್ತಾ ಇದೆ ಮೇಡಂ, ಆದ್ರೆ ಉಪ್ಪು ಮರೀತಾಳೆ. ಅದೂ ನಿಮ್ಮ ಬೊಟ್ಟೇನಾ?” ಎಂದು ಕೈಮುಗಿದ.

ಇಷ್ಟೆಲ್ಲ ಆದ ಮೇಲೆ, ಅರವತ್ತನೇ ಇಸವಿಯ ದಸರೆ ಕಳೆದು, ಉಮಾಮಹೇಶ್ವರಿ ಬಂದಳು.

ಹನುಮಂತನಗರದಲ್ಲಿ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿ ಇಟ್ಟಿದ್ದ ಗಂಗಾಧರಯ್ಯನವರ ಮಗಳು. ಗುಡ್ಡದ ದೇವಸ್ಥಾನದ ಕೆಳಗಿನ ಬೀದಿಯಿಂದ ಹೊರಟು, ಯಡಿಯೂರು ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದಳು. ಸೆರಗಿನಲ್ಲಿ ಯಾವಾಗಲೂ ಕರ್ಪೂರದ ವಾಸನೆ. ಮೊದಲ ದಿನವೇ ಅಪ್ಪ ಜೊತೆಗೆ ಬಂದು, ಜಗಲಿಯಲ್ಲೇ ನಿಂತು ಮಾತು ಮುಗಿಸಿದ್ದರು.

“ನೋಡೀಮ್ಮ, ಹೊಸಕೆರೆಹಳ್ಳಿ ಕಡೆ ಹೆಣ್ಮಕ್ಕಳ ಶಾಲೆ ಶುರುವಾಗಿದೆ. ಹೊಲಿಗೆ ಟೀಚರ್ ಬೇಕಂತೆ. ಈ ಸಲದ ಪರೀಕ್ಷೆ ಪಾಸು ಮಾಡಿದ್ರೆ ಕೆಲಸಕ್ಕೆ ಹೋಗ್ಲಿ, ನಾನು ಬೇಡ ಅನ್ನಲ್ಲ. ಇಲ್ಲಾಂದ್ರೆ ದಾವಣಗೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ, ಬಟ್ಟೆ ಅಂಗಡಿಯವರು, ಒಳ್ಳೇ ಜನ. ಅವರು ಸೊಸೇನ ಹೊರಗೆ ಕಳಿಸಲ್ಲ. ಒಂದು ವರ್ಷ ತಡೀರಿ ಅಂದಿದ್ದೀನಿ. ಅದಕ್ಕಿಂತ ತಡೆಯೋಕೆ ನನ್ನ ಕೈಲಾಗಲ್ಲ.”

ಉಮಾ ತಲೆ ತಗ್ಗಿಸಿ ನಿಂತಿದ್ದಳು. ಅಪ್ಪ ಹೋದ ಮೇಲೆ, “ನನಗೆ ಬೋರ್ಡಿನ ಮುಂದೆ ನಿಂತ್ಕೋಬೇಕು ಅಂತ ಆಸೆ ಟೀಚರ್,” ಎಂದಳು. ಅಷ್ಟು ಹೇಳಿದ್ದಕ್ಕೇ ಅವಳ ಕಿವಿ ಕೆಂಪಾಯಿತು.

ಅವಳ ಕೈ ಎಂಥ ಕೈ! ಮೊದಲ ವಾರವೇ ಅವಳು ಹಾಕಿದ ಗುಂಡಿಯ ಕಾಜಾವನ್ನು ಅಮ್ಮಣ್ಣಿ ಬೆಳಕಿಗೆ ಹಿಡಿದು ನೋಡಿದಳು. ಮಲ್ಲಿಗೆ ಮೊಗ್ಗಿನ ತುದಿಯಷ್ಟು ನಯವಾಗಿ ದಾರ ಕೂತಿತ್ತು. ಮಾಲೂರಿನ ಅತ್ತೆ ಇದ್ದಿದ್ದರೆ ಬಿಚ್ಚು ಅನ್ನುತ್ತಿರಲಿಲ್ಲ. ಆದರೆ ಆ ಒಂದು ಕಾಜಾಕ್ಕೆ ಒಂದು ಮಧ್ಯಾಹ್ನ ಹೋಗಿತ್ತು. ಪರೀಕ್ಷೆಯ ಅಂಗಿಗೆ ಕಾಜಾ ಐದು.

ಬೊಟ್ಟು ಇಡುವುದನ್ನು ಅಮ್ಮಣ್ಣಿ ಅವಳಿಗೂ ಹೇಳಿಕೊಟ್ಟಳು. ಉಮಾ ಶ್ರದ್ಧೆಯಿಂದ ತಲೆದೂಗಿ, ಕಪ್ಪು ದಾರದ ಸೂಜಿ ಹಿಡಿದು ಮೂಲೆಗೆ ಹೋದಳು. ಬಹಳ ಹೊತ್ತಾದ ಮೇಲೆ ನೋಡಿದರೆ ಅವಳ ಬಟ್ಟೆ ಇನ್ನೂ ಹಾಗೇ ಇದೆ, ಮಡಿಲಲ್ಲಿ ಕಪ್ಪು ದಾರದ ಚೂರುಗಳು.

“ಏನಮ್ಮ ಮಾಡ್ತಿದ್ದೀಯ?”

“ಬೊಟ್ಟು ಸರಿಯಾಗಿ ಸೊಟ್ಟಗೆ ಬರ್ತಿಲ್ಲ ಟೀಚರ್. ಬಿಚ್ಚಿ ಹಾಕ್ತಿದ್ದೀನಿ.”

ಕೋಣೆಯಲ್ಲಿದ್ದವರೆಲ್ಲ ಮಿಷಿನ್ನು ನಿಲ್ಲಿಸಿ ನಕ್ಕರು. ಉಮಾಳೂ ನಕ್ಕಳು. ಅಮ್ಮಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ಹುಡುಗಿಯ ತಲೆ ಸವರಿದಳು. ಸವರುವಾಗ, ಬಾಗಿಲ ಬೆಳಕಿಗೆ ಕೂತಿದ್ದ ಎಂಟು ವರ್ಷದ ಇನ್ನೊಂದು ಹುಡುಗಿ ನೆನಪಾದಳು. ಇವಳನ್ನು ಮಾತ್ರ ಪೂರ್ತಿ ಗುಣ ಮಾಡಿಯೇ ಕಳಿಸುತ್ತೇನೆ ಎಂದು ಅವತ್ತು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಆ ಗಂಟಿನಲ್ಲಿ ಏನಿತ್ತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ.

ಉಮಾಳಿಗಾಗಿ ಅವಳು ಬೇರೆ ಬೇರೆ ಉಪಾಯ ಹುಡುಕಿದಳು. ಬೊಟ್ಟನ್ನು ಉಮಾಳ ಕೈಯಿಂದ ಹಾಕಿಸದೆ ಪಕ್ಕದ ಹುಡುಗಿಯಿಂದ ಹಾಕಿಸಿದಳು. ಕಣ್ಣು ಮುಚ್ಚಿಸಿ ಅಂಚು ಮಡಿಸಿಸಿದಳು. ಬಿಚ್ಚುವ ಸಣ್ಣ ಕತ್ತರಿಯನ್ನು ಅವಳ ಕಣ್ಣೆದುರೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಉಮಾ ಹಲ್ಲಿನಿಂದ ದಾರ ಕಡಿದು ಬಿಚ್ಚಿದಳು. ಆಮೇಲೆ ತಾನೇ ಬಂದು ಹೇಳಿ ನಾಚಿದಳು. ಆದರೂ ಚಳಿಗಾಲ ಕಳೆಯುವ ಹೊತ್ತಿಗೆ ಏನೋ ಸಡಿಲವಾಗಿತ್ತು. ಒಂದು ದಿನ ಒಂದು ಕಾಲರ್ ಕೂದಲೆಳೆಯಷ್ಟು ವಾರೆಯಾಯಿತು. ಉಮಾ ಅದನ್ನೇ ನೋಡಿದಳು, ಕಿಟಕಿಯಾಚೆ ನೋಡಿದಳು, ನಿಟ್ಟುಸಿರಿಟ್ಟು ಮುಂದಕ್ಕೆ ಹೊಲಿದಳು. ಅಮ್ಮಣ್ಣಿ ಒಳಗೆ ಹೋಗಿ ಗಂಡನಿಗೆ, “ರೀ, ಬಿಟ್ಟಳು ಕಣ್ರೀ, ಹಾಗೇ ಬಿಟ್ಟಳು!” ಎಂದಳು, ಮಗು ಹೆಜ್ಜೆ ಇಟ್ಟಿತೆಂದು ಹೇಳುವ ಹಾಗೆ.

ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಅಮ್ಮಣ್ಣಿ ಮನೆಯಲ್ಲೇ ಒಂದು ಪರೀಕ್ಷೆ ಇಡುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ, ಒಂದು ಅಂಗಿ. ಅವತ್ತು ಉಮಾ ಚೆನ್ನಾಗಿಯೇ ಹೊಲಿದಳು. ತೋಳು ಕೂಡಿಸಿದಳು, ಜೇಬು ಕೂರಿಸಿದಳು, ಎಲ್ಲೂ ಹಿಂದೆ ತಿರುಗಲಿಲ್ಲ. ಬಿಸಿಲು ಕಿಟಕಿಯ ಸರಳು ದಾಟುವ ಹೊತ್ತಿಗೆ ನಾಲ್ಕು ಕಾಜಾ ಮುಗಿದು ಐದನೆಯದು ಮುಗಿಯುತ್ತಿತ್ತು. ಆಗ ಅವಳು ಮೊದಲನೆಯ ಕಾಜಾವನ್ನು ಒಮ್ಮೆ ನೋಡಿದಳು. ನೋಡಬಾರದಿತ್ತು. ಸೂಜಿಯ ತುದಿಯಿಂದ ಅದರ ಒಂದು ಎಳೆ ಎತ್ತಿದಳು. ಗಂಟೆ ಹೊಡೆದಾಗ ಅಂಗಿಯಲ್ಲಿ ನಾಲ್ಕು ಕಾಜಾ ಇದ್ದವು, ಒಂದು ಬರಿಯ ತೂತು.

ಅಷ್ಟೇ. ಅಂಥ ಅಂಗಿಗೆ ಪರೀಕ್ಷೆಯಲ್ಲಿ ಒಂದಿಷ್ಟು ಅಂಕ ಕಳೆಯುತ್ತಿದ್ದರು. ಪಾಸಾಗುವುದಕ್ಕೆ ಸಾಕಾಗುವಷ್ಟು ಉಳಿಯುತ್ತಿತ್ತು. ಅಮ್ಮಣ್ಣಿಗೆ ಅದು ಗೊತ್ತಿತ್ತು.

ಆದರೆ ಅವಳ ಕಣ್ಣಿಗೆ ಆ ತೂತು ಮಾತ್ರ ಕಂಡಿತು. ಇಷ್ಟು ತಿಂಗಳು ಪಟ್ಟ ಪಾಡಿನಲ್ಲಿ ಎಲ್ಲೋ ಒಂದು ಎಳೆ ಸಡಿಲ ಉಳಿದಿದೆ. ಹೀಗೆ ಕಳಿಸಿದರೆ ಪರೀಕ್ಷೆಯ ಹಾಲಿನಲ್ಲಿ ಹುಡುಗಿ ಮತ್ತೆ ಬಿಚ್ಚುತ್ತ ಕೂರುತ್ತಾಳೆ, ಅಳುತ್ತ ಬರುತ್ತಾಳೆ ಅನಿಸಿತು. ಆ ಸಂಜೆ ಊಟಕ್ಕೆ ಬಡಿಸುತ್ತ ಸೇತುರಾಮನಿಗೆ ಹೇಳಿದಳು.

“ಉಮಾನ ಈ ಸಲ ಕಳಿಸೋದು ಬೇಡ ಅಂದ್ಕೊಂಡಿದ್ದೀನಿ. ಇನ್ನೂ ಪೂರ್ತಿ ಬಿಟ್ಟಿಲ್ಲ ಅವಳು.”

ಸೇತುರಾಮ ಕಲಸುವುದನ್ನು ನಿಲ್ಲಿಸಿದ. “ಪೂರ್ತಿ ಅಂದ್ರೆ?”

“ಪೂರ್ತಿ ಅಂದ್ರೆ ಪೂರ್ತಿ. ಇನ್ನು ಸ್ವಲ್ಪ ಇದೆ. ಮುಂದಿನ ವರ್ಷಕ್ಕೆ ಹೊಳೆಯೋ ಹಾಗೆ ಮಾಡಿ ಕಳಿಸ್ತೀನಿ.”

“ಲೇ, ನಾನು ಇಪ್ಪತ್ತು ವರ್ಷದಿಂದ ತಪ್ಪು ತಿದ್ದೋ ಕೆಲಸ ಮಾಡ್ತಿದ್ದೀನಿ. ಎಷ್ಟು ತಿದ್ದಿದ್ರೂ ಒಂದು ಉಳ್ಕೊಳ್ಳುತ್ತೆ. ಅದು ಹಾಗೇ ಅಚ್ಚಾಗುತ್ತೆ, ಜನ ಓದ್ತಾರೆ, ಯಾರೂ ಸತ್ತಿಲ್ಲ. ಕಳಿಸೇ. ಫೇಲಾದ್ರೆ ಆಗ್ಲಿ.”

“ನಿಮ್ಮದು ಕಾಗದ. ಇದು ಹುಡುಗಿ.”

“ಅದಕ್ಕೇ ಹೇಳ್ತಿರೋದು,” ಎಂದು ಅವನು ಮಜ್ಜಿಗೆಗೆ ಕೈ ಚಾಚಿದ. ಮುಂದೆ ಮಾತಾಡಲಿಲ್ಲ. ಅವನು ಇನ್ನೊಂದು ಮಾತು ಆಡಿದ್ದರೆ, ಜೋರಾಗಿ ಗದರಿದ್ದರೆ, ಎಂದು ಅಮ್ಮಣ್ಣಿ ಎಷ್ಟೋ ವರ್ಷ ಅಂದುಕೊಂಡಳು. ಅದು ನ್ಯಾಯವಲ್ಲವೆಂದು ಅವಳಿಗೂ ಗೊತ್ತು.

ಬೆಳಿಗ್ಗೆ ಉಮಾಳನ್ನು ಕರೆದು ಹೇಳಿದಳು. ಉಮಾ ಅಳಲಿಲ್ಲ, ಎದುರಾಡಲೂ ಇಲ್ಲ. ಮೇಜಿನ ಮೇಲಿನ ಸೀಮೆಸುಣ್ಣದ ಚೂರನ್ನು ಉರುಳಿಸುತ್ತ ನಿಂತಿದ್ದಳು.

“ಒಂದು ಕಾಜಾ ಇಲ್ದೇ ಇದ್ರೂ ಪಾಸು ಮಾಡ್ತಾರೆ ಅಂತ ನೀವೇ ಹೇಳಿದ್ರಲ್ಲ ಟೀಚರ್.”

“ಹೇಳಿದ್ದೆ. ಬೇರೆಯವರಾದ್ರೆ ಕಳಿಸ್ತಿದ್ದೆ. ನಿನ್ನನ್ನ ಹಾಗೆ ಕಳಿಸೋಕೆ ನನಗೆ ಮನಸ್ಸಿಲ್ಲಮ್ಮ. ಒಂದೇ ವರ್ಷ. ಅಪ್ಪಾಜಿಗೆ ನಾನು ಹೇಳ್ತೀನಿ.”

“ಹೂಂ ಟೀಚರ್,” ಎಂದಳು ಉಮಾ. ದೊಡ್ಡವರ ಮಾತಿಗೆ ಗಂಗಾಧರಯ್ಯನವರ ಮನೆಯ ಮಕ್ಕಳು ಹೇಳುತ್ತಿದ್ದದ್ದು ಅದೊಂದೇ.

ಅಮ್ಮಣ್ಣಿ ಹನುಮಂತನಗರಕ್ಕೆ ಹೋದಳು. ಗಂಗಾಧರಯ್ಯ ಅಂಗಡಿಯಲ್ಲಿ ಊದುಕಡ್ಡಿಯ ಕಟ್ಟುಗಳ ನಡುವೆ ಕೂತಿದ್ದರು. ಸ್ಟೂಲು ಹಾಕಿಸಿ, ಕಾಫಿ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡರು.

“ಮಗು ಹೊಲಿಗೆ ಚೆನ್ನಾಗಿಲ್ವಾಮ್ಮ?”

“ನನ್ನ ಹತ್ರ ಇಷ್ಟು ಚೆನ್ನಾಗಿ ಹೊಲಿಯೋರು ಬೇರೆ ಯಾರೂ ಇಲ್ಲ.”

“ಮತ್ತೆ?”

ಅಮ್ಮಣ್ಣಿ ವಿವರಿಸಲು ನೋಡಿದಳು. ಬೇರೆಯವರ ಬಾಯಿಂದ ಕೇಳಿದ್ದರೆ ಅವಳೇ ನಗುತ್ತಿದ್ದ ಮಾತುಗಳು ಅವು. ಗಂಗಾಧರಯ್ಯ ತಕ್ಕಡಿಯ ತಟ್ಟೆಯನ್ನು ಒರೆಸಿದರು. “ನೀವು ಬಲ್ಲೋರು. ನೀವೇ ಬೇಡ ಅಂದ ಮೇಲೆ ನಾನು ದಾವಣಗೆರೆಯವರಿಗೆ ಏನಂತ ಹೇಳಿ ತಡೀಲಿ?” ಎಂದರು. ಕೋಪದಿಂದ ಹೇಳಲಿಲ್ಲ. ಎದ್ದು ಬರುವಾಗ ಕುಂಕುಮದ ಪೊಟ್ಟಣ ಕೊಟ್ಟು ಕಳಿಸಿದರು.

ವೈಶಾಖದಲ್ಲಿ ಮದುವೆಯಾಯಿತು. ಧಾರೆಯ ರವಿಕೆಯನ್ನು ಅಮ್ಮಣ್ಣಿಯೇ ಹೊಲಿದುಕೊಟ್ಟಳು. ಆ ರೇಷ್ಮೆಯನ್ನು ಅವಳು ಮೂರು ಸಲ ಬಿಚ್ಚಿದಳು. ಕಪ್ಪು ದಾರದ ಸೂಜಿ ಕೈಗೆತ್ತಿಕೊಂಡು, ಮದುವೆಯ ಬಟ್ಟೆಗೆ ಕಪ್ಪು ಬೇಡವೆಂದು ತನಗೆ ತಾನೇ ಹೇಳಿಕೊಂಡು ಇಟ್ಟುಬಿಟ್ಟಳು. ಶಾಲೆಯ ಕೆಲಸ ಆ ಸಲ ಪಾಸಾದ ಇನ್ನೊಬ್ಬ ಹುಡುಗಿಗೆ ಸಿಕ್ಕಿತು. ಅವಳೂ ಅಮ್ಮಣ್ಣಿಯ ಕ್ಲಾಸಿನವಳೇ. ಅವಳ ಕಾಜಾಗಳು ಬಾಯಿ ಬಿಟ್ಟ ಮೀನಿನ ಹಾಗಿರುತ್ತಿದ್ದವು. ಮಕ್ಕಳಿಗೆ ಅವಳೆಂದರೆ ಪ್ರಾಣವಂತೆ.

ಆಮೇಲಿನ ವರ್ಷಗಳಲ್ಲಿ ಎದುರಿನ ಸೈಟುಗಳೆಲ್ಲ ತುಂಬಿದವು. ದೃಷ್ಟಿಗೊಂಬೆಗಳು ಒಂದೊಂದಾಗಿ ಇಳಿದು, ಕಿಟಕಿಗಳಲ್ಲಿ ಪರದೆ ಬಂದವು. ಅಮ್ಮಣ್ಣಿಯ ಕ್ಲಾಸು ನಡೆದೇ ಇತ್ತು, ಕಪ್ಪು ದಾರವೂ ಇತ್ತು. ಆದರೆ ಬೊಟ್ಟಿನ ಕಥೆ ಹೇಳುವಾಗ ಮೊದಲಿನ ನಗು ಅವಳಲ್ಲಿ ಇರಲಿಲ್ಲ. ಮಿಷಿನ್ನು ತುಳಿಯುತ್ತ, ತರಕಾರಿ ಹೆಚ್ಚುತ್ತ, ಉಮಾಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಮೊದಲು ಏನು ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು. ಹುಡುಗಿಗೆ ಈಗಿನ ಸಂಸಾರದ ಬಗ್ಗೆ ಬೇಸರ ಹುಟ್ಟಬಾರದು, ಹಾಗಂತ ತನ್ನ ತಪ್ಪೂ ಚಿಕ್ಕದಾಗಿ ಕಾಣಬಾರದು. ಗೌರಿ ಹಬ್ಬಕ್ಕೆ ಉಮಾ ತವರಿಗೆ ಬಂದಿದ್ದಾಳೆಂದು ಒಂದೆರಡು ಸಲ ತಿಳಿದರೂ ಹೋಗಲಿಲ್ಲ. ಮಾತು ಇನ್ನೂ ಸರಿಯಾಗಿ ಕೂತಿರಲಿಲ್ಲ.

ಅರವತ್ತಾರರ ಗೌರಿ ಹಬ್ಬದ ಮಾರನೆಯ ದಿನ ಉಮಾ ತಾನಾಗಿಯೇ ಬಂದಳು. ಕಂಕುಳಲ್ಲಿ ಒಂದು ಹೆಣ್ಣು ಮಗು. ಮೈ ತುಂಬಿಕೊಂಡಿದ್ದಳು, ದನಿ ದೊಡ್ಡದಾಗಿತ್ತು, ಮಾತಿನಲ್ಲಿ ದಾವಣಗೆರೆಯ ರಾಗ ಸೇರಿತ್ತು. ಚಕ್ಕಲಿ ತಿಂದಳು, ಕಾಫಿ ಕುಡಿದಳು, ಮಿಷಿನ್ನಿನ ಚಕ್ರವನ್ನು ಸುಮ್ಮನೆ ಒಮ್ಮೆ ತಿರುಗಿಸಿದಳು. ಸೇತುರಾಮ, “ಏನಮ್ಮ, ಅಂಗಡಿ ಬಟ್ಟೆಯೆಲ್ಲ ನೀನೇ ಹೊಲೀತೀಯೋ?” ಎಂದರೆ, “ಅಂಗಡಿಗೆ ನಮ್ಮನ್ನ ಎಲ್ಲಿ ಬಿಡ್ತಾರೆ ಅಂಕಲ್, ಮನೆ ಮಕ್ಕಳಿಗೆ ಮಾತ್ರ,” ಎಂದು ನಕ್ಕಳು.

ಮಗು ಅಮ್ಮಣ್ಣಿಯ ಮಡಿಲಿಗೆ ಬಂದು ಕೂತಿತು. ಕೆನ್ನೆಯ ಮೇಲಿನ ಕಾಡಿಗೆ ಬೊಟ್ಟು ಗದ್ದದವರೆಗೆ ಹರಡಿತ್ತು. ಅಮ್ಮಣ್ಣಿಯ ಬೆರಳುಗಳು ತಾವಾಗಿಯೇ ಫ್ರಾಕಿನ ಅಂಚನ್ನು ಒಳಮಗ್ಗುಲಿಗೆ ತಿರುವಿದವು. ಹೊಲಿಗೆ ಅಂಕುಡೊಂಕಾಗಿ ಓಡಿತ್ತು. ಒಂದು ಕಡೆ ದಾರ ಮುಗಿದು, ಬೇರೆ ಬಣ್ಣದ ದಾರದಲ್ಲಿ ಮುಂದುವರಿದಿತ್ತು. ಕಂಕುಳಲ್ಲಿ ಬಟ್ಟೆ ನೆರಿಗೆಯಾಗಿ ಉಬ್ಬಿತ್ತು. ಕಪ್ಪು ಬೊಟ್ಟು ಎಲ್ಲೂ ಇರಲಿಲ್ಲ.

“ನೋಡ್ಬೇಡಿ ಟೀಚರ್,” ಉಮಾ ನಕ್ಕಳು. “ಮನೆ ತುಂಬ ಮಕ್ಕಳು. ಬಿಚ್ಚೋಕೆ ಯಾರಿಗಿದೆ ಪುರುಸೊತ್ತು?”

ಅಮ್ಮಣ್ಣಿ ಅಂಚನ್ನು ಮೆಲ್ಲಗೆ ಇಳಿಸಿ ಮಗುವಿನ ಮೊಣಕಾಲಿನ ಮೇಲೆ ಸವರಿದಳು. ಒಂದು ಚಳಿಗಾಲವೆಲ್ಲ ಅವಳು ನೋಡಬೇಕೆಂದು ಹಂಬಲಿಸಿದ್ದ ಹೊಲಿಗೆ ಇದೇ.

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದಳು. ಮೋಡ ಕವಿದಿತ್ತು. ದಾರಿಯುದ್ದಕ್ಕೂ ಉಮಾ ಮಾತಾಡುತ್ತಿದ್ದಳು, ಅಮ್ಮಣ್ಣಿ ಐದು ವರ್ಷ ಜೋಡಿಸಿದ್ದ ಮಾತುಗಳ ತುದಿ ಹುಡುಕುತ್ತಿದ್ದಳು. ತುದಿ ಸಿಗಲಿಲ್ಲ. ಬಸ್ಸು ದೂರದಲ್ಲಿ ತಿರುವು ತೆಗೆದುಕೊಂಡದ್ದು ಕಂಡಿತು. ಮಾತು ಸರಿಯಾಗಿ ಬರುವುದಿಲ್ಲವೆಂದು ಗೊತ್ತಾಗಿ, ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟಳು.

“ಉಮಾ, ಆ ವರ್ಷ ನಿನ್ನನ್ನ ಕಳಿಸಬೇಕಿತ್ತು.”

ಉಮಾ ಮಾತು ನಿಲ್ಲಿಸಿದಳು. ಮಗುವಿನ ಫ್ರಾಕಿನ ಭುಜವನ್ನು ಸರಿಮಾಡಿದಳು. ಅದು ಮತ್ತೆ ಜಾರಿತು, ಬಿಟ್ಟಳು.

“ಹೌದು ಟೀಚರ್,” ಎಂದಳು. “ಕಳಿಸಬೇಕಿತ್ತು.”

ಅದರಲ್ಲಿ ಕೋಪ ಇರಲಿಲ್ಲ. ಪರವಾಗಿಲ್ಲ ಅನ್ನುವ ಮಾತೂ ಅದರ ಹಿಂದೆ ಬರಲಿಲ್ಲ. ಬಸ್ಸು ಬಂದು ನಿಂತಿತು. ಉಮಾ ಬಗ್ಗಿ ಅಮ್ಮಣ್ಣಿಯ ಕಾಲು ಮುಟ್ಟಿ, ಮಗುವನ್ನು ಎತ್ತಿಕೊಂಡು ಹತ್ತಿದಳು. ಕಿಟಕಿಯ ಬಳಿ ಕೂತು ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದಳು.

ಅಮ್ಮಣ್ಣಿಯೂ ಕೈ ಎತ್ತಿದಳು. ಬಸ್ಸು ಹೋದ ಮೇಲೂ, ಹೇಳದೆ ಉಳಿದ ಮಾತುಗಳನ್ನು ಇನ್ನು ಎಲ್ಲಿಡುವುದೆಂದು ತಿಳಿಯದೆ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.